ಅಕ್ಕೋರ ಭೇಟಿ ಪುಸ್ತಕ

ಇದನ್ನು ನಿಮಗೆ ಹೇಳದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ... ಎರಡೇ ನಿಮಿಷ, ಪೂರ್ತಿ ಓದಿ.

ರಾಣೆಬೆನ್ನೂರಿನ ನಮ್ಮ ಓಣಿಯ ಅಂಗನವಾಡಿಗೆ ನಾನು ದಿನಾ ಮಗಳನ್ನು ಬಿಡಲು ಹೋಗುತ್ತೇನೆ. ಅಲ್ಲಿನ ಟೀಚರ್ ದಾಕ್ಷಾಯಣಿ ಅಕ್ಕೋರು.

ಅಕ್ಕೋರು ಬಲು ಶಿಸ್ತು. ನರ್ಸ್ ಬರಲಿ, ಮೇಲಧಿಕಾರಿ ಬರಲಿ, ತೂಕದ ಯಂತ್ರ ರಿಪೇರಿಯವನೇ ಬರಲಿ... ಹೊಸ್ತಿಲು ದಾಟಿದವರ ಮುಂದೆ ಮೊದಲು ಭೇಟಿ ಪುಸ್ತಕ ಇಡುತ್ತಾರೆ.

ಹೆಸರು, ಎಲ್ಲಿಂದ ಬಂದಿರಿ, ಸಮಯ, ಉದ್ದೇಶ, ಅಭಿಪ್ರಾಯ, ಸಹಿ. ಅಷ್ಟೂ ಬರೆಸದೆ ಬಿಡುವವರಲ್ಲ. ಬೆಕ್ಕು ಬಂದರೂ ಸಹಿ ಹಾಕಿಸುತ್ತಾರೆ ಅಂತ ನಾವು ತಾಯಂದಿರು ಬೆನ್ನ ಹಿಂದೆ ನಗುತ್ತಿದ್ದೆವು!

ಇಂಥ ಅಕ್ಕೋರು ಹೋದ ವರ್ಷ ಒಂದು ತಿಂಗಳು ಬಾಡಿಹೋಗಿದ್ದರು. ಗಂಡನ ಆಪರೇಷನ್‌ಗೆ ಒಂದು ಫೈನಾನ್ಸಿನಲ್ಲಿ ಸಾಲ ತೆಗೆದಿದ್ದರು, ಎರಡು ಕಂತು ತಪ್ಪಿತ್ತು. ಅಷ್ಟಕ್ಕೇ ವಸೂಲಿಯವರಿಂದ ಬೆಳಗ್ಗೆ ಐದಕ್ಕೆ ಫೋನ್, ನೆಂಟರಿಗೆಲ್ಲ ಫೋನ್... ಕೊನೆಗೆ ಅಂಗನವಾಡಿಗೇ ಬಂದು ತಾಯಂದಿರ ಮುಂದೆ ಮಾನ ಕಳೆಯುತ್ತೇವೆ ಅಂದಿದ್ದರಂತೆ.

ಅಕ್ಕೋರು ಹೆದರಿ ರಾಜೀನಾಮೆ ಪತ್ರ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಹದಿನೆಂಟು ವರ್ಷದ ಕೆಲಸ! ನಮ್ಮೆದುರು ತಲೆ ತಗ್ಗಿಸುವುದಕ್ಕಿಂತ ಬಿಟ್ಟುಬಿಡುವುದೇ ವಾಸಿ ಅನ್ನಿಸಿತ್ತು ಅವರಿಗೆ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ.

ಒಂದು ಬುಧವಾರ, ತಾಯಂದಿರ ಸಭೆ ನಡೆಯುವಾಗಲೇ ಇಬ್ಬರು ಬಂದೇಬಿಟ್ಟರು. ಮುಂದಿದ್ದವನು ಕರಿ ಕನ್ನಡಕದವನು. ಬೂಟುಗಾಲಲ್ಲೇ ಮಕ್ಕಳ ಚಾಪೆಯ ಮೇಲೆ ನಿಂತ. ಅವನ ಕೂಗಿಗೆ ಮಕ್ಕಳು ಉಪ್ಪಿಟ್ಟಿನ ತಟ್ಟೆ ಬಿಟ್ಟು ಅಳತೊಡಗಿದವು.

ಅಕ್ಕೋರ ಮುಖದಲ್ಲಿ ರಕ್ತವೇ ಇರಲಿಲ್ಲ. ಆದರೆ ಕೈ... ಆ ಕೈಗೆ ಹದಿನೆಂಟು ವರ್ಷದ ರೂಢಿ! ಅದು ತಾನಾಗಿಯೇ ಭೇಟಿ ಪುಸ್ತಕ ತೆಗೆದು ಮುಂದೆ ಹಿಡಿಯಿತು.

"ಮೊದಲ ಇದರಾಗ ಬರೀರಿ" ಅಂದರು.

ಅವನು ನಕ್ಕ. "ಬರೀತೀನಿ ತಡಿಯವಾ, ಎಲ್ಲಾರೂ ಓದ್ಲಿ" ಅಂದವನೇ ಪೆನ್ನು ಕಸಿದುಕೊಂಡು ಜಂಬದಿಂದ ಬರೆದ.

ಹೆಸರು, ಫಕ್ಕೀರೇಶ. ಎಲ್ಲಿಂದ, ಫೈನಾನ್ಸಿನ ಹೆಸರು. ಉದ್ದೇಶ, ಸಾಲ ವಸೂಲಿ. ಅಭಿಪ್ರಾಯದ ಜಾಗದಲ್ಲಿ... 'ಶುಕ್ರವಾರದೊಳಗೆ ಕಟ್ಟದಿದ್ದರೆ ಸಾಮಾನು ಬೀದಿಗೆ ಎಸೆದು ಮನೆಗೆ ಬೀಗ ಹಾಕುತ್ತೇವೆ.' ಕೆಳಗೆ ದುಂಡಗಿನ ಸಹಿ!

ಅವರು ಹೋದ ಮೇಲೆ ಅಕ್ಕೋರು ಆ ಹಾಳೆ ಹರಿಯಲು ಹೋದರು. ಆದರೆ ಸರ್ಕಾರಿ ಪುಸ್ತಕ, ಪುಟಕ್ಕೆಲ್ಲ ನಂಬರ್... ಹರಿಯಲು ಮನಸ್ಸು ಬರಲಿಲ್ಲ.

ಮರುದಿನ ಸೂಪರ್‌ವೈಸರ್ ಮೇಡಂ ಬಂದರು. ನಾವು ನಾಲ್ಕೈದು ಜನ ಅಲ್ಲೇ ಸುಳಿದಾಡುತ್ತಿದ್ದೆವು. ಮೇಡಂ ಪುಸ್ತಕ ತೆರೆದರು, ಓದಿದರು... ಮತ್ತೆ ಓದಿದರು.

ಅಕ್ಕೋರು ರಾಜೀನಾಮೆ ಪತ್ರ ಟೇಬಲ್ ಮೇಲಿಟ್ಟು ಅತ್ತೇಬಿಟ್ಟರು. ಮೇಡಂ ಅದನ್ನು ಬಿಡಿಸಿ ಕೂಡ ನೋಡಲಿಲ್ಲ.

"ದಾಕ್ಷಾಯಣಿಯವರ, ಅಳಬೇಕಾದವ್ರು ನೀವಲ್ರಿ. ಇದನ್ನ ಬರದಾನಲ್ಲ, ಅವ ಅಳಬೇಕು" ಅಂದರು.

ಆಮೇಲೆ ಅವರು ಹೇಳಿದ್ದನ್ನು ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು. ವಸೂಲಿಗೆ ಬರುವವರ ಹತ್ತಿರ ಗುರುತಿನ ಚೀಟಿ, ಅಧಿಕಾರ ಪತ್ರ ಇರಲೇಬೇಕಂತೆ. ಬೆಳಗ್ಗೆ ಎಂಟಕ್ಕೆ ಮೊದಲು, ಸಂಜೆ ಏಳರ ನಂತರ ಫೋನ್ ಮಾಡುವಂತಿಲ್ಲವಂತೆ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನಾಲ್ಕು ಜನರ ಮುಂದೆ ಅವಮಾನ ಮಾಡುವಂತಿಲ್ಲ.

ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು. ಮೂವತ್ತು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಓಂಬುಡ್ಸ್‌ಮನ್‌ಗೆ. ಬೆದರಿಕೆ ಹಾಕಿದರೆ ನೇರ ಪೊಲೀಸ್ ಠಾಣೆಗೆ.

ಸಾಕ್ಷಿ? ಅವನದೇ ಅಕ್ಷರ, ಅವನದೇ ಸಹಿ!

ಆ ಪುಟದ ಜೆರಾಕ್ಸ್ ಲಗತ್ತಿಸಿ ದೂರು ಹೋಯಿತು. ನಾವು ಹನ್ನೊಂದು ತಾಯಂದಿರು ಸಾಕ್ಷಿಗೆ ಸಹಿ ಹಾಕಿದೆವು. ಯಾರ ಮುಂದೆ ಮಾನ ಹೋಗುತ್ತದೆ ಅಂತ ಅಕ್ಕೋರು ಹೆದರಿದ್ದರೋ, ಅದೇ ನಾವು...

ವಾರದೊಳಗೆ ಕಂಪನಿಯ ಮ್ಯಾನೇಜರ್ ಬಂದು ಕ್ಷಮೆ ಕೇಳಿದರು, ಕಂತು ಸಣ್ಣದು ಮಾಡಿಕೊಟ್ಟರು. ರಾಜೀನಾಮೆ ಪತ್ರ ಒಲೆ ಸೇರಿತು. ಅಕ್ಕೋರು ಈಗ ಒಂದು ತಿಂಗಳೂ ತಪ್ಪದೆ ಕಟ್ಟುತ್ತಿದ್ದಾರೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ...

ನಿನ್ನೆ ಬೆಳಗ್ಗೆ ಅದೇ ಫಕ್ಕೀರೇಶ ಬಾಗಿಲಲ್ಲಿ ನಿಂತಿದ್ದ! ಕನ್ನಡಕ ಇರಲಿಲ್ಲ. ಬೂಟು ಹೊರಗೆ ಬಿಟ್ಟಿದ್ದ. ತಾನೇ ಭೇಟಿ ಪುಸ್ತಕ ಕೇಳಿ ತೆಗೆದುಕೊಂಡ. ಉದ್ದೇಶದ ಜಾಗಕ್ಕೆ ಬಂದಾಗ ಪೆನ್ನು ನಿಂತುಬಿಟ್ಟಿತು.

"ಅಕ್ಕೋರ... ಆ ಕೆಲಸ ಬಿಟ್ಟೀನಿ. ನಮ್ಮವ್ವ ಬ್ಯಾರೆ ಫೈನಾನ್ಸಿನ್ಯಾಗ ಸಾಲ ತಗೊಂಡಿದ್ಲು, ನನಗ ಗೊತ್ತಿರಲಿಲ್ಲ. ಈಗ ದಿನಾ ಬಾಗಿಲಿಗೆ ಬಂದು ಬೈತಾರ. ಅಕಿ ಊಟ ಬಿಟ್ಟಾಳ. ನಾನು ಮಂದಿಗೆ ಅಂದ ಮಾತೇ ನಮ್ಮವ್ವಗ ಅನ್ನಾಕತ್ತಾರ."

ನಾನಾಗಿದ್ದರೆ ಚೆನ್ನಾಗಿ ಬೈದು ಕಳಿಸುತ್ತಿದ್ದೆ, ಸುಳ್ಳೇಕೆ ಹೇಳಲಿ!

ಅಕ್ಕೋರು ಕಪಾಟಿನಿಂದ ಹೊಸ ನೋಟ್‌ಬುಕ್ ತೆಗೆದರು. ಸ್ಕೇಲ್ ಇಟ್ಟು ಗೆರೆ ಎಳೆದರು... ಹೆಸರು, ಎಲ್ಲಿಂದ, ಸಮಯ, ಉದ್ದೇಶ, ಅಭಿಪ್ರಾಯ, ಸಹಿ.

"ಇದನ್ನ ನಿಮ್ಮವ್ವಗ ಕೊಡು ತಮ್ಮಾ. ಬಂದವರ ಕಡೆ ಬರಸು ಅನ್ನು. ಅವ್ರು ಬರೀದಿದ್ರ ನೀನ ಮಗ್ಗಲಕ ಕೂತು ಬರಿ. ನಿನ್ನ ಅಕ್ಷರ ಚಂದ ಅದಾವ."

ಆ ಕೊನೆಯ ಮಾತಿಗೆ ಅವನು ಮಕ್ಕಳ ಚಾಪೆಯ ಮೇಲೆ ಕುಸಿದು ಕೂತು ಅತ್ತ. ನಾನೂ ಅತ್ತೆ...

ಹೋಗುವ ಮುನ್ನ ಭೇಟಿ ಪುಸ್ತಕದ ಅಭಿಪ್ರಾಯದ ಜಾಗದಲ್ಲಿ ಒಂದೇ ಪದ ಬರೆದ.

'ತಪ್ಪಾಯಿತು.'

ಸಾಲ ತೀರಿಸುವುದು ನಮ್ಮ ಹೊಣೆ... ಆದರೆ ಮರ್ಯಾದೆಯನ್ನು ನಾವು ಯಾರಲ್ಲೂ ಅಡವಿಟ್ಟಿಲ್ಲ.

ನಿಮ್ಮ ಬಾಗಿಲಲ್ಲಿ ನಿಂತು ಕೂಗಾಡುವವನಿಗೆ 'ಮೊದಲು ನಿಮ್ಮ ಹೆಸರು ಬರೆಯಿರಿ' ಅಂತ ನೀವು ಯಾವತ್ತಾದರೂ ಹೇಳಿದ್ದೀರಾ?