ಒಂದೂವರೆ ಗಂಟೆಯ ಮೌನ

ಬೆಳಗಿನಿಂದ ಆರನೆಯ ಸಲ ಪ್ರಭಾಳ ಫೋನು ಗುಂಯ್‌ಗುಟ್ಟಿತು. ಇಂಗ್ಲೆಂಡಿನಿಂದ ತಂಗಿ ತನ್ವಿ ಕಳಿಸಿದ ಮತ್ತೊಂದು ಸ್ಕ್ರೀನ್‌ಶಾಟು. ಓಕ್ ಎಲೆಯ ಚಿತ್ರ ಹಾಕಿಕೊಂಡ ಆ ಅನಾಮಧೇಯ, ಒಂದು ಅಲ್ಪವಿರಾಮವೂ ತಪ್ಪದ ಇಂಗ್ಲಿಷಿನಲ್ಲಿ ಬರೆದಿದ್ದ: ‘ಇಂದು ಸಂಜೆ ನೀನು ವೇದಿಕೆ ಹತ್ತಿದರೆ, ಮನೆಗೆ ಮರಳುವ ದಾರಿಯಲ್ಲಿ ನಾವಿರುತ್ತೇವೆ. ಹಿತ್ತಲ ಬಾಗಿಲಿನ ಚಿಲಕ ಸಡಿಲವಾಗಿದೆ, ಅಲ್ಲವೇ?’

ಚಿಲಕ ಸಡಿಲವಾಗಿದ್ದುದು ನಿಜ. ಭಾನುವಾರ ವಿಡಿಯೋ ಕಾಲ್‌ನಲ್ಲಿ ತನ್ವಿಯೇ ಅದನ್ನು ಹೇಳಿ, ಮನೆ ಓನರನ್ನು ಬೈದುಕೊಂಡಿದ್ದಳು.

ತಕ್ಷಣ ತನ್ವಿಯ ಕರೆ ಬಂತು. “ಅಕ್ಕ, ಅವ್ನು ಹಿತ್ತಲಿಗೇ ಬಂದು ನೋಡ್ಕೊಂಡು ಹೋಗಿದಾನೆ.”

“ಪೊಲೀಸ್ನೋರು ಏನಂತಾರೆ?”

“ಕಂಪ್ಲೇಂಟು ತಗೊಂಡಿದಾರೆ. ಟೈಮ್ ಬೇಕಂತೆ. ಸಂಜೆ ಮೀಟಿಂಗಿಗೆ ಹೋಗೋದೋ ಬೇಡ್ವೋ, ನಂಗೆ ಗೊತ್ತಾಗ್ತಿಲ್ಲ.”

ತನ್ವಿ ಅಲ್ಲಿ ವೃದ್ಧರ ಆರೈಕೆಯ ಮನೆಯೊಂದರಲ್ಲಿ ಕೆಲಸಕ್ಕಿದ್ದಳು. ಐದು ವರ್ಷ ದುಡಿದರೆ ಕಾಯಂ ವಾಸದ ಹಕ್ಕು ಎಂದು ನಂಬಿ ಹೋದವಳು, ನಾಲ್ಕು ಮುಗಿದಿದ್ದವು. ಈಗ ಅಲ್ಲಿನ ಲೇಬರ್ ಪಕ್ಷದ ಸರ್ಕಾರ ಐದನ್ನು ಹತ್ತು ಮಾಡುವ, ಅವಳಂಥ ಕೆಲಸದವರಿಗೆ ಹದಿನೈದೇ ಮಾಡುವ ಮಾತೆತ್ತಿತ್ತು. ವಲಸಿಗರನ್ನು ವಿರೋಧಿಸುವ ರಿಫಾರ್ಮ್ ಪಕ್ಷವಂತೂ ಆ ಹಕ್ಕನ್ನೇ ಕಿತ್ತುಹಾಕುತ್ತೇವೆ ಎನ್ನುತ್ತಿತ್ತು. ಇದನ್ನು ವಿರೋಧಿಸಿ ತನ್ವಿ ಟೀವಿಯಲ್ಲಿ ಎರಡು ನಿಮಿಷ ಮಾತಾಡಿದ್ದಳು. ಮಾರನೆಯ ದಿನದಿಂದಲೇ ಓಕ್ ಎಲೆ ಬೆನ್ನು ಹತ್ತಿತು. ಇಂದು ಸಂಜೆ ಏಳಕ್ಕೆ ಸಾರ್ವಜನಿಕ ಸಭೆ. ಅಲ್ಲಿನ ಸಂಸದರ ಎದುರು ನಲವತ್ತು ಜನ ಕೆಲಸಗಾರರ ಪರವಾಗಿ ಅವಳೊಬ್ಬಳೇ ಮಾತಾಡಬೇಕಿತ್ತು. ಅಲ್ಲಿ ಸಂಜೆ ಏಳು ಎಂದರೆ ಇಲ್ಲಿ, ಕ್ಯಾಲಿಫೋರ್ನಿಯಾದ ಡಬ್ಲಿನ್‌ನಲ್ಲಿ, ಬೆಳಿಗ್ಗೆ ಹನ್ನೊಂದು.

“ಹೋಗೋದು ಬೇಡ ಅನ್ನು,” ಎಂದರು ಹಿಂದಿನಿಂದ ಅಪ್ಪ, ಕರೆ ಮುಗಿಯುತ್ತಲೇ.

ತಿರುಮಲೇಶ ಮೈಸೂರಿನ ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಹಿರಿಯ ಮಗಳ ಮನೆ ಸೇರಿದ್ದರು. ಬ್ರಿಟನ್ನಿನ ಪಾರ್ಲಿಮೆಂಟಿನ ಚರ್ಚೆಗಳನ್ನು ಮೊದಲು ರುಚಿಗಾಗಿ ಕೇಳುತ್ತಿದ್ದರು. ಈಗ ಭಯಕ್ಕೆ ಕೇಳುತ್ತಿದ್ದರು. ಅಲ್ಲಿ ವಲಸಿಗರಿದ್ದ ಹೋಟೆಲುಗಳ ಮುಂದೆ ಜನ ಸೇರಿ ಕೂಗಾಡಿದ್ದನ್ನು ಟ್ಯಾಬ್ಲೆಟ್ಟಿನಲ್ಲಿ ಕಂಡ ದಿನದಿಂದ ಅವರಿಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ. ಪಾಪ, ಒಂದು ತಿಂಗಳಲ್ಲಿ ಅರ್ಧ ಆಗಿಹೋಗಿದ್ದರು.

“ಯಾವನಾದ್ರೂ ಒಂದು ಕಲ್ಲು ಬೀಸಿದ್ರೆ ನಾನು ಇಲ್ಲಿ ಕೂತು ಏನು ಮಾಡ್ಲಿ? ಆ ದೇಶ ಬಿಟ್ಟು ಬಂದ್ಬಿಡ್ಲಿ. ಏನ್ ಹೇಳೋದಿದ್ರೂ ಹತ್ತೂವರೆ ಒಳಗೆ ಹೇಳ್ಬಿಡು, ಪ್ರಭಾ.”

ಅಪ್ಪ ಟ್ಯಾಬ್ಲೆಟ್ಟನ್ನು ಎದೆಗವಚಿಕೊಂಡು ಕೋಣೆಗೆ ಹೋದರು.

ಪ್ರಭಾ ಲ್ಯಾಪ್‌ಟಾಪ್ ತೆರೆದಳು. ಆಫೀಸಿನಲ್ಲಿ ಅವಳ ಕೆಲಸವೇ ಅಂಕಿಗಳ ಜಾಡು ಹಿಡಿಯುವುದು. ಸ್ಕ್ರೀನ್‌ಶಾಟುಗಳಲ್ಲಿದ್ದ ಇಂಗ್ಲೆಂಡಿನ ವೇಳೆಯನ್ನು ವಾರದ ದಿನದಂತೆ ಜೋಡಿಸುತ್ತ ಬಂದಿದ್ದಳು. ಆ ಮನುಷ್ಯನಿಗೆ ನಿದ್ದೆಯೇ ಇದ್ದಂತಿರಲಿಲ್ಲ; ಅಲ್ಲಿಯ ಬೆಳಗಿನ ಜಾವ ನಾಲ್ಕಕ್ಕೂ ಬರೆದಿದ್ದ. ಆದರೆ ದಿನಕ್ಕೆ ಒಂದು ಬಿಡುವು ಮಾತ್ರ ತಪ್ಪುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನ ಮೂರೂವರೆಯಿಂದ ಐದು. ಬುಧವಾರ ರಾತ್ರಿ ಎಂಟರಿಂದ ಒಂಬತ್ತೂವರೆ. ಗುರುವಾರ ಒಂಬತ್ತೂವರೆಯಿಂದ ಹನ್ನೊಂದು. ದಿನಕ್ಕೊಂದು ಹೊತ್ತು, ಆದರೆ ಸರಿಯಾಗಿ ಒಂದೂವರೆ ಗಂಟೆ.

ಬಸ್ ಓಡಿಸುವವನೇ? ಕಾವಲುಗಾರನೇ? ಅಥವಾ ತನ್ವಿಯ ಜೊತೆಗೇ ಶಿಫ್ಟು ಮಾಡುವವನೇ? ಪಕ್ಕದಲ್ಲೇ ಕೂತು ಚಹಾ ಕುಡಿಯುವವನಾದರೆ?

ಫೋನು ಮತ್ತೆ ಗುಂಯ್‌ಗುಟ್ಟಿತು. ಒಂದಾದ ಮೇಲೊಂದು ಮೂರು ಬೆದರಿಕೆಗಳು. ಕೊನೆಯದು ಬಂದಾಗ ಇಲ್ಲಿ ಹತ್ತು ಇಪ್ಪತ್ತೆಂಟು. ಅದರ ಕೆಳಗೆ ತನ್ವಿಯ ಸಂದೇಶ: ‘ಅಕ್ಕ, ಸೋತೆ. ಹೋಗಲ್ಲ. ರಾಜೀನಾಮೆ ಕೊಟ್ಟು ವಾಪಸ್ ಬರ್ತೀನಿ. ಆ ನಲವತ್ತು ಜನಕ್ಕೆ ಏನು ಮುಖ ತೋರಿಸ್ಲಿ?’

ಪ್ರಭಾ ಮುಂದಿನ ಬೆದರಿಕೆಗಾಗಿ ಕಾದಳು. ಫೋನು ಸುಮ್ಮನಾಗಿತ್ತು. ಐದು ನಿಮಿಷ. ಹತ್ತು ನಿಮಿಷ. ಇವತ್ತಿನ ಬಿಡುವು ಶುರುವಾಯಿತೆಂದು ಕಾಣುತ್ತದೆ, ಬರೆದುಕೊಳ್ಳೋಣ ಎಂದು ಗಡಿಯಾರ ನೋಡಿದಳು. ಹತ್ತು ಮೂವತ್ತೊಂಬತ್ತು.

ಹತ್ತೂವರೆಗೆ ನಿಂತಿದೆ. ಶುಕ್ರವಾರ.

ಬೆರಳುಗಳು ತಾವಾಗಿಯೇ ಪಟ್ಟಿಯ ವೇಳೆಗಳಿಂದ ಎಂಟು ಗಂಟೆ ಕಳೆದು ಇಲ್ಲಿಯ ವೇಳೆಗೆ ತಂದವು. ಸೋಮವಾರ ಏಳೂವರೆಯಿಂದ ಒಂಬತ್ತು. ಬುಧವಾರ ಹನ್ನೆರಡರಿಂದ ಒಂದೂವರೆ. ಗುರುವಾರ ಒಂದೂವರೆಯಿಂದ ಮೂರು. ಫ್ರಿಜ್ಜಿನ ಮೇಲೆ ಊರಿಂದ ತರಿಸಿದ ಕ್ಯಾಲೆಂಡರು ತೂಗುತ್ತಿತ್ತು. ಅದರ ಮೂಲೆಯ ರಾಹುಕಾಲದ ಪಟ್ಟಿಯಲ್ಲಿ ಇದೇ ವೇಳೆಗಳು, ಇದೇ ಸಾಲಿನಲ್ಲಿ.

ಅವಳು ಅಪ್ಪನ ಕೋಣೆಯ ಬಾಗಿಲು ತಳ್ಳಿದಳು.

ಮಡಿಲಲ್ಲಿ ಟ್ಯಾಬ್ಲೆಟ್ಟು, ಪರದೆಯ ಮೇಲೆ ಓಕ್ ಎಲೆ. ಅದರ ಕೆಳಗೆ ಬರೆದು ಮುಗಿಸಿ, ಇನ್ನೂ ಕಳಿಸದ ಒಂದು ಸಾಲು. ಅಪ್ಪ ಅದನ್ನು ಮುಚ್ಚಲಿಲ್ಲ.

“ನಿಜವಾದೋರು ಬರೋಕ್ ಮುಂಚೆ ಹೆದರ್ಕೊಂಡು ಬಂದ್ಬಿಡ್ಲಿ ಅಂತ, ಅಷ್ಟೇ ಕಣೇ,” ಎಂದರು.

ಹನ್ನೊಂದಕ್ಕೆ ಇನ್ನೂ ಹದಿನೈದು ನಿಮಿಷವಿತ್ತು. ಪ್ರಭಾ ತನ್ವಿಗೆ ಕರೆ ಹಚ್ಚಿ, ಫೋನನ್ನು ಅಪ್ಪನ ಮುಂದೆ ಇಟ್ಟಳು. ಅತ್ತ ರಿಂಗಾಗತೊಡಗಿತು.

“ಇದನ್ನ ಬರೆದಿಟ್ಟಿದೀರಲ್ಲ, ಕಳಿಸ್ಲಿಲ್ಲ ಯಾಕೆ?”

“ಈ ಹೊತ್ತಲ್ಲಿ ಅಂಥ ಮಾತು ಕಳಿಸ್ಬಾರ್ದು, ಮಗು,” ಎಂದರು ಅಪ್ಪ, “ನಿಜವಾಗಿ ತಟ್ಟಿಬಿಡತ್ತೆ.”