ನಿಂತ ಕಾಲಿನ ಅಳತೆ

ಮಲ್ಲಕ್ಕ ರೊಟ್ಟಿ ತಟ್ಟುತ್ತಿದ್ದಳು. ಹಂಚಿನ ಮೇಲೆ ಮೂರನೆಯದು ಉಬ್ಬುವಷ್ಟರಲ್ಲಿ ತಂಗಿಯ ಮಗಳು ಶಿವಕುಮಾರಿ ಒಳಗೆ ಬಂದು, ಕೈಯಲ್ಲಿದ್ದ ಕರಿ ಬೂಟುಗಳನ್ನು ಮೂಲೆಗೆ ಎಸೆದಳು. ಅವಳ ಹಿಮ್ಮಡಿಗೆ ಸಾಕ್ಸು ರಕ್ತದಲ್ಲಿ ಅಂಟಿಕೊಂಡಿತ್ತು.

“ಭಾಂಡುಪ್ ಸ್ಟೇಷನ್‌ದಿಂದ ಬೂಟು ಬಿಚ್ಚಿ ನಡಕೊಂತ ಬಂದೆ, ದೊಡ್ಡವ್ವ. ಇನ್ನ ನನ್ನಿಂದ ಆಗಂಗಿಲ್ಲ.”

ಇಬ್ಬರೂ ಸಾಂತಾಕ್ರೂಜ್‌ನ ಒಂದು ಹೋಟೆಲಿನಲ್ಲಿ ನೆಲ ಒರೆಸುವವರು. ಮೂರು ತಿಂಗಳ ಹಿಂದೆ ಕಂಪನಿ ಬೂಟು ಕೊಟ್ಟಿತ್ತು. ಅಲ್ಲಿ ಒರೆಸುವ ಹನ್ನೊಂದು ಹೆಂಗಸರಿಗೂ ಕಚ್ಚಿದವು. ವಡಾಲದ ರಾತ್ರಿ ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಮಲ್ಲಕ್ಕ ಆಗಲೇ ಕಂಪನಿಯ ದೊಡ್ಡ ಸಾಹೇಬರಿಗೆ ಅರ್ಜಿ ಬರೆದಿದ್ದಳು. ಸ್ಟಾಂಪು ಹಚ್ಚಿದ ಲಕೋಟೆ ಇನ್ನೂ ದೇವರ ಫೋಟೋದ ಹಿಂದೆಯೇ ಇತ್ತು. ಅಳತೆ ತೆಗೆದ ಸೂಪರ್‌ವೈಸರ್ ಈರಣ್ಣ ತಮ್ಮೂರ ಕಡೆಯವನು, ಪಕ್ಕದ ಚಾಳಿನವನು. ನಮ್ಮವನ ಅನ್ನಕ್ಕೆ ಕಲ್ಲು ಹಾಕುವುದು ಹೇಗೆ ಎಂದು ಸುಮ್ಮನಿದ್ದಳು.

ಅದೇ ಈರಣ್ಣ ಈಗ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಕಾಗದ.

“ಅಕ್ಕ, ಇಲ್ಲೊಂದು ಸಹಿ ಹಾಕು. ಬೂಟು ಬರೋಬರಿ ಅದಾವು ಅಂತ. ನೀ ಹಾಕಿದ್ರ ಉಳದವ್ರೂ ಹಾಕ್ತಾರ.”

“ಬರೋಬರಿ? ಈ ಹುಡುಗಿ ಹಿಮ್ಮಡಿ ನೋಡು.”

“ಹೊಸಾ ಬೂಟು, ಸ್ವಲ್ಪ ಕಚ್ಚತಾವು. ಸಹಿ ಹಾಕದವ್ರು ಒಂದನೇ ತಾರೀಕಿನಿಂದ ಬರೂದು ಬ್ಯಾಡ ಅಂದಾರ. ನಂದೇನ ತಪ್ಪೈತಿ? ಮುಂಜಾನೆ ಕೆಲಸಕ್ಕ ಹತ್ತೂ ಮೊದಲ ಒಬ್ಬೊಬ್ಬರನ್ನ ಸ್ಟೂಲಿನ ಮ್ಯಾಲ ಕುಂಡ್ರಿಸಿ, ಟೇಪು ಹಿಡದು ಅಳತಿ ತಗೊಂಡೀನಿ.”

ಮಲ್ಲಕ್ಕ ಗ್ಯಾಸ್ ಆರಿಸಿದಳು. ಹಿಟ್ಟಿನ ಕೈ ಒರೆಸಿಕೊಂಡು, ನೋಟ್‌ಬುಕ್ಕಿನ ನಡುವಿನ ಜೋಡಿ ಹಾಳೆ ಕಿತ್ತು ನೆಲಕ್ಕೆ ಹಾಸಿದಳು. “ನಿಲ್ಲವ್ವ ಇದರ ಮ್ಯಾಲ. ಪೂರಾ ಭಾರ ಹಾಕು.” ಪೆನ್ಸಿಲು ನೆಟ್ಟಗೆ ಹಿಡಿದು ಶಿವಕುಮಾರಿಯ ಪಾದದ ಸುತ್ತ ಗೆರೆ ಎಳೆದಳು. ಆಮೇಲೆ ಬೂಟು ತಂದು ಆ ಗೆರೆಯ ಮೇಲಿಟ್ಟಳು. ಕಿರುಬೆರಳಿನ ಬದಿಗೆ ಗೆರೆ ಬೂಟು ದಾಟಿ ಅರ್ಧ ಬೆರಳು ಹೊರಗಿತ್ತು.

“ಇದು ಹತ್ತು ತಾಸು ನಿಂತು ಬಂದ ಕಾಲು. ನೀ ಅಳದದ್ದು ನಿದ್ದಿಯಿಂದ ಎದ್ದು ಬಂದು ಕುಂತ ಕಾಲು.”

“ಸಂಜಿ ಆಗೂದ್ರಾಗ ಕಾಲು ಬೆಳಿತಾವೇನ ಅಕ್ಕ?” ಈರಣ್ಣ ನಕ್ಕ.

“ನಗಬ್ಯಾಡ!”

ಆ ದನಿಗೆ ಪಕ್ಕದ ಖೋಲಿಯ ಟಿವಿ ಕೂಡ ಸುಮ್ಮನಾಯಿತು.

“ನಮ್ಮವ, ನಮ್ಮವ ಅಂತ ಮೂರು ತಿಂಗಳು ಬಾಯಿ ಮುಚ್ಕೊಂಡು ಕುಂತೆ. ಇವರು ನಮ್ಮ ಹೆಣಮಕ್ಕಳು ಅಂತ ನಿನಗ ಒಂದ ದಿನಾನರ ಅನಸ್ತೇನು?”

ಅವಳು ಫೋಟೋದ ಹಿಂದಿನ ಲಕೋಟೆ ತೆಗೆದಳು. ಅರ್ಜಿಯ ಕೆಳಗೆ ಇನ್ನೊಂದು ಸಾಲು ಬರೆದು, ಪಾದದ ಚಿತ್ರವನ್ನೂ ಮಡಚಿ ಅದರೊಳಗಿಟ್ಟು ಅಂಟಿಸಿದಳು. ಲಕೋಟೆಯ ಮೇಲಿನ ವಿಳಾಸ ನೋಡಿ ಈರಣ್ಣನ ಮುಖ ಇಳಿಯಿತು.

“ಅಕ್ಕ, ಕೈ ಮುಗಿತೀನಿ. ನನ್ನ ನೌಕರಿ ಹೋಗ್ತೈತಿ.”

“ಹೋದ್ರ ನಮ್ಮ ಜೋಡಿ ನೆಲ ಒರಸಾಕ ಬಾ. ಬೂಟು ಕೊಡ್ತಾರ.”

ಅವನನ್ನು ಬದಿಗೆ ಸರಿಸಿ ಮಲ್ಲಕ್ಕ ಚಾಳಿನ ಮೆಟ್ಟಿಲಿಳಿದಳು. ರಸ್ತೆ ಕೂಡುವ ನಾಕಾದಲ್ಲಿದ್ದ ಕೆಂಪು ಅಂಚೆ ಡಬ್ಬಿಯೊಳಗೆ ಮೊಣಕೈ ತಾಗುವವರೆಗೂ ಕೈ ತೂರಿಸಿ ಲಕೋಟೆ ಬಿಟ್ಟಳು. ಅವಳು ಕಡೆಗೆ ಸೇರಿಸಿದ ಸಾಲು ಇಷ್ಟೇ ಇತ್ತು:

“ಅಳತೆ ನಾವು ನಿಂತಾಗ ತೆಗೆಸಿರಿ ಸಾಹೇಬರೆ. ನೀವು ನಮಗೆ ಕೂಡಲು ಸ್ಟೂಲು ಕೊಟ್ಟದ್ದು ಅದೊಂದೇ ದಿನ.”