ಒಂಬತ್ತನೆಯ ಕಡ್ಡಿ

ಎಂಟೇ ಇತ್ತು.

ನಮಿತಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದಳು. ಹೆಬ್ಬೆರಳಿನಷ್ಟು ಉದ್ದದ ಮೀನು. ಬೆನ್ನಿನ ಎರಡನೆಯ ಈಜುರೆಕ್ಕೆಯನ್ನು ಸೂಜಿಯ ತುದಿಯಿಂದ ಬಿಡಿಸಿ, ಅದರೊಳಗಿನ ಎಲುಬಿನ ಕಡ್ಡಿಗಳನ್ನು ಒಂದೊಂದಾಗಿ ಎಣಿಸಿದಳು. ಏಳು. ಎಂಟು. ಕೊನೆಯದು ಬುಡದ ಹತ್ತಿರವೇ ಸೀಳಿಕೊಂಡು ಮೇಲೆ ಎರಡಾಗಿತ್ತು. ತುದಿಗಳನ್ನು ಎಣಿಸಿದರೆ ಒಂಬತ್ತು. ಆದರೆ ಬುಡ ಒಂದೇ ಇದ್ದರೆ ಕಡ್ಡಿಯೂ ಒಂದೇ. ಅವಳ ಗಂಡ ಸಂದೇಶ್ ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಹೇಳುತ್ತಿದ್ದ ಮಾತು ಅದು: "ತುದಿ ನೋಡಿ ಮೋಸ ಹೋಗಬೇಡಿ. ಬುಡ ನೋಡಿ."

"ಉಳಿದೆರಡು?" ಅಂಬುಜಾ ಮೇಡಂ ಬೆನ್ನ ಹಿಂದೆ ನಿಂತಿದ್ದರು. ಸಂದೇಶ್‌ನ ಸಂಶೋಧನೆಗೆ ಗೈಡ್ ಆಗಿದ್ದವರು.

"ಅವೂ ಎಂಟೇ ಮೇಡಂ."

ಮೂರೂ ಮೀನುಗಳನ್ನು ಸಂದೇಶ್ ಎಣ್ಣೂರಿನ ಅಳಿವೆಯ ಕೆಸರಿನಲ್ಲಿ ಹಿಡಿದಿದ್ದ. ಇದು ಹೊಸ ಜಾತಿ ಎಂದು ಪ್ರಬಂಧ ಬರೆದಿದ್ದ. ಅವನು ತೀರಿಕೊಂಡ ಮೇಲೆ ಮೇಡಂ ಆ ಮೀನಿಗೆ ಅವನದೇ ಹೆಸರಿಟ್ಟು ಪ್ರಬಂಧವನ್ನು ಪತ್ರಿಕೆಗೆ ಕಳಿಸಿದ್ದರು. ಪತ್ರಿಕೆಯ ಪರಿಶೀಲಕರು ಕೇಳಿದ್ದು ಒಂದೇ: ಮೀನನ್ನು ಕಾಪಿಡುವ ಸ್ಪಿರಿಟ್‌ನಲ್ಲಿ ಬಣ್ಣ ಅಳಿಸಿಹೋಗುತ್ತದೆ, ಅದನ್ನು ನಂಬಲಾಗದು, ಕಡ್ಡಿಗಳನ್ನು ಇನ್ನೊಮ್ಮೆ ಎಣಿಸಿ. ಒಂಬತ್ತಿದ್ದರೆ ಹೊಸ ಜಾತಿ. ಎಂಟಿದ್ದರೆ, ಎಲ್ಲರಿಗೂ ಗೊತ್ತಿರುವ ಹಳೆಯದು.

ಮೇಡಂ ಕುರ್ಚಿ ಎಳೆದುಕೊಂಡು ಕೂತರು. "ಇಷ್ಟು ಚಿಕ್ಕ ಮೀನು ನಮಿತಾ. ಇನ್ನು ಯಾರು ಕೂತು ಎಣಿಸ್ತಾರೆ?"

"ಸಂದೇಶ್ ಆಗಿದ್ದರೆ ಎಣಿಸ್ತಿದ್ದರು."

ನಮಿತಾ ಎಣಿಕೆಯ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರಲ್ಲಿದ್ದ ಮೂರು 'ಒಂಬತ್ತು'ಗಳೂ ಅವಳ ಅಕ್ಷರ. ಅಂದು ಸಂದೇಶ್‌ನ ಕೊನೆಯ ಕೀಮೋ ಆಗಿ ನಾಲ್ಕನೆಯ ದಿನ. ದಿಂಬಿಗೆ ಒರಗಿ, ನಡುಗುವ ಕೈಯಲ್ಲಿ ಭೂತಗನ್ನಡಿ ಹಿಡಿದು, ಅವನು "ಒಂಬತ್ತು, ಬರ್ಕೋ!" ಎಂದಿದ್ದ. ತಿಂಗಳುಗಳ ನಂತರ ಅವನ ಮುಖದಲ್ಲಿ ನಗು. ಅವಳೂ ಪ್ರಾಣಿಶಾಸ್ತ್ರ ಓದಿದವಳೇ. 'ಬುಡ ನೋಡಿದೆಯಾ?' ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಬರೆದುಕೊಂಡಳು.

ಈಗ ಮೂರನ್ನೂ ಹೊಡೆದುಹಾಕಿ ಎಂಟು ಎಂದು ಬರೆದಳು. ಪಕ್ಕದಲ್ಲಿ ಸಹಿ ಮಾಡಿದಳು.

ಸಂಜೆ ಎಗ್ಮೋರ್ ಸ್ಟೇಷನ್ನಿನ ಹತ್ತಿರದ ತಮ್ಮ ಹೋಟೆಲಿನಲ್ಲಿ ಮಾವ ವಿಷ್ಣುಮೂರ್ತಿ ಗಲ್ಲಾದಲ್ಲಿ ಕೂತಿದ್ದರು. ತಲೆಯ ಮೇಲೆ ಹಾರ ಹಾಕಿದ ಮಗನ ಫೋಟೋ. ಅದರ ಪಕ್ಕ, ಅದೇ ಅಳತೆಯ ಕಟ್ಟು ಹಾಕಿಸಿದ ಮೀನಿನ ಚಿತ್ರ. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಹೋಟೆಲಿನಲ್ಲಿ ಮೀನಿಗೆ ದಿನವೂ ಊದುಬತ್ತಿ. ಅದರ ಎರಡು ಪದದ ಲ್ಯಾಟಿನ್ ಹೆಸರನ್ನು ಅವರು ಸಂಧ್ಯಾವಂದನೆಯ ಮಂತ್ರದಷ್ಟೇ ಸ್ಪಷ್ಟವಾಗಿ ಹೇಳುತ್ತಿದ್ದರು. ಎರಡನೆಯ ಪದ 'ಸಂದೇಶಿ' ಬಂದಾಗ ಸ್ವಲ್ಪ ನಿಂತು ಹೇಳುತ್ತಿದ್ದರು.

"ಬಂತಾ ಪೇಪರು?" ಅವಳನ್ನು ಕಂಡೊಡನೆ ಕೇಳಿದರು. "ಅಚ್ಚಾದದ್ದು ಒಂದು ಪ್ರತಿ ಬೇಕು ಮಾರಾಯ್ತಿ. ಬರುವ ವಾರ ಅವನ ವರ್ಷಾಂತ. ಫೋಟೋದ ಎದುರು ಇಡುವ. ಮಕ್ಕಳು ಮರಿ ಅಂತೂ ಆಗಲಿಲ್ಲ. ಹೆಸರು ಹೇಳ್ಲಿಕ್ಕೆ ಒಂದು ಮೀನಾದ್ರೂ ಉಂಟಲ್ಲ."

"ಬರುವುದಿಲ್ಲ ಮಾವ. ಅದು ಹೊಸ ಮೀನಲ್ಲ."

"ಎಂತ?"

"ರೆಕ್ಕೆಯ ಕಡ್ಡಿ ಒಂಬತ್ತು ಅಂತ ಇತ್ತು. ಇವತ್ತು ಎಣಿಸಿದೆ. ಎಂಟೇ ಇರುವುದು."

"ಒಂದು ಕಡ್ಡಿ ಕಮ್ಮಿಯಾದ್ರೆ ಹೆಸರು ಹೋಗ್ತದಾ?"

"ಹೋಗ್ತದೆ. ಅದಕ್ಕೆ ಮೊದಲೇ ಬೇರೆ ಹೆಸರುಂಟು. ಇನ್ನೂರು ವರ್ಷದಿಂದ."

ವಿಷ್ಣುಮೂರ್ತಿ ಮೊಳೆಗೆ ಚುಚ್ಚಿಟ್ಟಿದ್ದ ಬಿಲ್ಲಿನ ಚೀಟಿಗಳನ್ನು ಬೆರಳಿನಿಂದ ಸರಿಪಡಿಸಿದರು. ಒಳಗೆ ಯಾರೋ ಎರಡು ಕಾಫಿ ಎಂದು ಕೂಗಿದರು.

"ಅವನು ತಪ್ಪಿ ಎಣಿಸಿದನಾ?" ಅವರ ದನಿ ತೀರ ಸಣ್ಣದಾಗಿತ್ತು. "ಲೆಕ್ಕದಲ್ಲಿ ಒಂದು ದಿವಸವೂ ತಪ್ಪಿದವನಲ್ಲ ಅವನು."

ನಮಿತಾ ಫೋಟೋ ನೋಡಲಿಲ್ಲ. "ಅವರು ಸರಿಯಾಗಿಯೇ ಎಣಿಸಿದ್ದರು. ಬರೆದುಕೊಂಡದ್ದು ನಾನು. ನಾನು ತಪ್ಪು ಬರೆದೆ."

"ನೀನಾ?"

"ಹೌದು."

ಅವರು ಅವಳನ್ನು ಬಹಳ ಹೊತ್ತು ನೋಡಿದರು. ಸಂದೇಶ್ ಹೋದ ಮೇಲೆ ಹನ್ನೊಂದೂವರೆ ತಿಂಗಳು, ಅವಳು ಬಂದಾಗಲೆಲ್ಲ "ಮಗಳೇ, ಊಟ ಆಯ್ತಾ?" ಎಂದು ಕೇಳುತ್ತಿದ್ದರು. ಇವತ್ತು ಕೇಳಲಿಲ್ಲ. ಮುಖವನ್ನು ಗಲ್ಲಾದ ಕಡೆಗೆ ತಿರುಗಿಸಿಕೊಂಡರು. ಅವಳು ಕಂಬದ ಪಕ್ಕ ನಿಂತೇ ಇದ್ದಳು.

ಅಷ್ಟರಲ್ಲಿ ಭೋಜರಾಜರು ಒಳಗೆ ಬಂದರು. ರೈಲ್ವೆಯಲ್ಲಿದ್ದು ನಿವೃತ್ತರಾದವರು, ಸಂಜೆಯ ದೋಸೆ ತಪ್ಪಿಸದ ಗಿರಾಕಿ. ಜೊತೆಯಲ್ಲಿ ಬೆಂಗಳೂರಿನಿಂದ ಬಂದ ಅಳಿಯ.

"ನೋಡಪ್ಪಾ, ನಾನು ಹೇಳಿದ್ನಲ್ಲ, ಇದೇ ಮೀನು!" ಅವರು ಗೋಡೆಗೆ ಬೆರಳು ತೋರಿಸಿದರು. "ಹೆಸರು ನನ್ನ ಬಾಯಲ್ಲಿ ಹೊರಳೋದಿಲ್ಲ. ಹೇಳಿ ಭಟ್ರೇ, ನೀವೇ ಹೇಳಬೇಕು. ನಿಮ್ಮ ಬಾಯಲ್ಲೇ ಕೇಳೋಕೆ ಚೆಂದ."

ವಿಷ್ಣುಮೂರ್ತಿ ತಲೆ ಎತ್ತಲಿಲ್ಲ. ಚಿಲ್ಲರೆಯ ಡಬ್ಬಿಯ ಮುಚ್ಚಳ ಹಾಕಿದರು.

"ಮೀನಿನ ಸುದ್ದಿ ನಮಗೆಂತ ಗೊತ್ತು ಮಾರಾಯ್ರೇ," ಎಂದರು. "ನಾವು ತಿನ್ನುವವರಲ್ಲ."